ಭಟ್ಟಾಕಳಂಕನ ಶಬ್ದಾನುಶಾಸನ: ಕನ್ನಡಕ್ಕೆ ಸಂಸ್ಕೃತಸೂತ್ರಗಳೇಕೆ?

ಭಟ್ಟಾಕಳಂಕದೇವನ ‘ಕರ್ಣಾಟಕ ಶಬ್ದಾನುಶಾಸನ’ದಷ್ಟು ಹೊಗಳಿಕೆಯನ್ನು ಪಡೆದೂ ಅಷ್ಟು ಕಡಮೆ ಓದಿಸಿಕೊಂಡ ಗ್ರಂಥವು ಕನ್ನಡ ವ್ಯಾಕರಣಗಳಲ್ಲಿ ಮತ್ತೊಂದಿಲ್ಲ. ಅದು ಶಾಲಿವಾಹನ ಶಕ ೧೫೨೬, ಎಂದರೆ ಕ್ರಿ. ಶ. ೧೬೦೪ರಲ್ಲಿ ರಚಿತವಾಯಿತೆಂದೂ, ನಾಲ್ಕು ಪಾದಗಳಲ್ಲಿ ೫೯೨ ಸಂಸ್ಕೃತಸೂತ್ರಗಳನ್ನು ಒಳಗೊಂಡಿದೆಯೆಂದೂ, ‘ಭಾಷಾಮಂಜರಿ’ ಎಂಬ ವೃತ್ತಿಯನ್ನೂ ‘ಮಂಜರೀಮಕರಂದ’ ಎಂಬ ವ್ಯಾಖ್ಯಾನವನ್ನೂ ಗ್ರಂಥಕಾರನೇ ರಚಿಸಿರುವನೆಂದೂ ಹೇಳಿ, ಸಾಹಿತ್ಯಚರಿತ್ರಕಾರರು ಮುಂದೆ ಸಾಗುವುದು ವಾಡಿಕೆಯಾಗಿದೆ. ೧೮೯೦ರಲ್ಲಿ ಲೂಯಿ ರೈಸ್ ಅವರು ಇದನ್ನು ಅಚ್ಚುಹಾಕಿಸಿದರು. ೧೯೨೩ರಲ್ಲಿ ಪ್ರಾಕ್ತನವಿಮರ್ಶವಿಚಕ್ಷಣ ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿ ಮತ್ತೆ ಪ್ರಕಟಿಸಿದರು. ಆ ಮಹನೀಯರ ಶ್ರಮಕ್ಕೆ ತಕ್ಕಷ್ಟು ವಾಚಕರು ಈ ಗ್ರಂಥಕ್ಕೆ ದೊರೆಯಲಿಲ್ಲ.

ಇದಕ್ಕೆ ಕಾರಣವನ್ನು ಈ ಲೇಖಕನು ತನ್ನ ವಿದ್ಯಾರ್ಥಿದಶೆಯಲ್ಲಿಯೇ ಕಂಡಿದ್ದಾನೆ. ಪಾಠಶಾಲೆಯಲ್ಲಿ ಕೌಮುದಿಯನ್ನು ಓದುತ್ತಿದ್ದ ಕಾಲದಲ್ಲಿ ಗುರುಗಳೊಬ್ಬರನ್ನು ಈ ಗ್ರಂಥದ ವಿಷಯವಾಗಿ ಕೇಳಿದ್ದುಂಟು. ಅವರು ನಕ್ಕು, “ದೇಶಭಾಷೆಗೆ ಅಷ್ಟು ದೊಡ್ಡ ಶಾಸ್ತ್ರವೇಕಪ್ಪಾ?” ಎಂದರು. ಕೆಲವು ವರ್ಷಗಳ ಬಳಿಕ ಕನ್ನಡದ ಅಧ್ಯಾಪಕರೊಬ್ಬರಲ್ಲಿ ಅದೇ ಪ್ರಸ್ತಾಪವನ್ನೆತ್ತಲು, “ಕನ್ನಡದ ಶಾಸ್ತ್ರಕ್ಕೆ ಸಂಸ್ಕೃತವೇಕೆ, ಸ್ವಾಮಿ? ನಮಗೆ ಶಬ್ದಮಣಿದರ್ಪಣವಿಲ್ಲವೆ?” ಎಂದರು. ಇಬ್ಬರೂ ವಿದ್ವಾಂಸರು, ಇಬ್ಬರೂ ಗ್ರಂಥವನ್ನು ತೆರೆದವರಲ್ಲ. ಆದರೆ ಇಬ್ಬರ ಪ್ರಶ್ನೆಗಳೂ ಸಾರವತ್ತಾದವು. ಮೊದಲನೆಯದನ್ನು ಭಟ್ಟಾಕಳಂಕನೇ ಪೂರ್ವಪಕ್ಷವಾಗಿ ಎತ್ತಿಕೊಂಡು ಉತ್ತರವನ್ನು ಹೇಳಿರುವನು. ಎರಡನೆಯದಕ್ಕೆ ಉತ್ತರವನ್ನು ಅವನ ಗ್ರಂಥದ ರೀತಿಯಿಂದ ನಾವು ಊಹಿಸಿಕೊಳ್ಳಬೇಕಾಗಿದೆ. ಈ ಎರಡು ಪ್ರಶ್ನೆಗಳನ್ನು ಒಟ್ಟಿಗೆ ವಿಚಾರಿಸಿದಲ್ಲದೆ ಗ್ರಂಥದ ಬೆಲೆಯು ತಿಳಿಯದೆಂಬುದೇ ಪ್ರಕೃತ ಲೇಖನದ ಅಭಿಪ್ರಾಯ.

೧

ಸಂಸ್ಕೃತಸೂತ್ರಗಳಿಂದ ಕನ್ನಡವನ್ನು ವಿವರಿಸಿದವರಲ್ಲಿ ಭಟ್ಟಾಕಳಂಕನು ಮೊದಲಿಗನಲ್ಲ. ಕೇಶಿರಾಜನಿಗೆ ಹಿಂದಿನವನಾದ ಎರಡನೆಯ ನಾಗವರ್ಮನು ‘ಕಾವ್ಯಾವಲೋಕನ’ದ ಮೊದಲ ಭಾಗವಾದ ‘ಶಬ್ದಸ್ಮೃತಿ’ಯಲ್ಲಿ ಕನ್ನಡದ ಲಕ್ಷಣವನ್ನು ಕನ್ನಡದಲ್ಲಿಯೇ ಹೇಳಿದನು, ಆ ವಿಷಯವನ್ನೇ ‘ಕರ್ಣಾಟಕ ಭಾಷಾಭೂಷಣ’ದಲ್ಲಿ ಸಂಸ್ಕೃತಸೂತ್ರಗಳಿಂದ ಪ್ರತಿಪಾದಿಸಿದನು. ಒಬ್ಬನೇ ಗ್ರಂಥಕರ್ತನು ಒಂದೇ ವಿಷಯವನ್ನು ಎರಡು ಭಾಷೆಗಳಲ್ಲಿ ಬರೆದಿರಲು, ಕನ್ನಡದಲ್ಲಿ ಶಾಸ್ತ್ರವನ್ನು ಹೇಳಲಾರದೆ ಸಂಸ್ಕೃತವನ್ನು ಮೊರೆಹೊಕ್ಕನೆಂಬ ಮಾತು ನಿಲ್ಲುವುದಿಲ್ಲ. ಎರಡು ಗ್ರಂಥಗಳಿಗೂ ವಾಚಕರು ಬೇರೆಬೇರೆ ಎಂದೇ ಊಹಿಸಬೇಕು. ಅನಂತರ ಸುಮಾರು ೧೨೬೦ರಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ಕನ್ನಡದ ಕಂದಪದ್ಯಗಳಲ್ಲಿ ರಚಿಸಿ, ಗದ್ಯವೃತ್ತಿಯನ್ನೂ ಸೇರಿಸಿ, ಕಾವ್ಯವನ್ನು ಬರೆಯುವವನಿಗೂ ಓದುವವನಿಗೂ ಉತ್ತಮವಾದ ಕೈಪಿಡಿಯನ್ನು ಮಾಡಿಕೊಟ್ಟನು.

ಹೀಗೆ ಕನ್ನಡದಲ್ಲಿಯೇ ಸಮರ್ಥವಾದ ವ್ಯಾಕರಣವು ಹುಟ್ಟಿ ಮೂರೂವರೆ ಶತಮಾನಗಳು ಕಳೆದ ಮೇಲೆ ಭಟ್ಟಾಕಳಂಕನು ಮರಳಿ ಸಂಸ್ಕೃತಕ್ಕೆ ತಿರುಗಿದನು. ಇದು ಹಿನ್ನಡೆಯೆಂದು ತೋರುವುದು ಸಹಜ. ಆದರೆ ಅವನು ಯಾರಿಗೆ ಹೇಳುತ್ತಿದ್ದಾನೆಂಬುದನ್ನು ಮೊದಲು ನೋಡತಕ್ಕದ್ದು.

ಗ್ರಂಥದ ಹೆಸರೇ ಇದಕ್ಕೆ ಸೂಚನೆಯಾಗಿದೆ. ‘ಶಬ್ದಾನುಶಾಸನ’ವೆಂಬುದು ಪತಂಜಲಿಯು ಮಹಾಭಾಷ್ಯದ ಆರಂಭದಲ್ಲಿ ವ್ಯಾಕರಣಶಾಸ್ತ್ರಕ್ಕೆ ಕೊಟ್ಟ ಹೆಸರು. ಜೈನವೈಯಾಕರಣರಲ್ಲಿ ಶಾಕಟಾಯನನೂ ಹೇಮಚಂದ್ರನೂ ತಮ್ಮ ಗ್ರಂಥಗಳಿಗೆ ಇದೇ ಹೆಸರನ್ನು ಇಟ್ಟಿರುವರು. ಆ ಹೆಸರಿನ ಹಿಂದೆ ‘ಕರ್ಣಾಟಕ’ ಎಂಬ ವಿಶೇಷಣವನ್ನು ಸೇರಿಸುವುದೆಂದರೆ ಕನ್ನಡವನ್ನು ಪಾಣಿನಿ ಪತಂಜಲಿಗಳ ಸಭೆಯಲ್ಲಿ ಕುಳ್ಳಿರಿಸುವ ಪ್ರತಿಜ್ಞೆಯೇ ಸರಿ. ಸೂತ್ರ, ವೃತ್ತಿ, ವ್ಯಾಖ್ಯಾನ ಎಂಬ ಮೂರು ಮೆಟ್ಟಿಲುಗಳೂ, ಆಕ್ಷೇಪಸಮಾಧಾನರೂಪವಾದ ನಿರೂಪಣೆಯೂ ಆ ಪ್ರತಿಜ್ಞೆಗೆ ಅನುಗುಣವಾಗಿಯೇ ಇವೆ. ಕೇಶಿರಾಜನ ಮುಂದೆ ಇದ್ದವನು ಕವಿ. ಭಟ್ಟಾಕಳಂಕನ ಮುಂದೆ ಇದ್ದವನು ಪ್ರತಿವಾದಿ.

೨

ಆ ಪ್ರತಿವಾದಿಯ ಮಾತು ಅಲ್ಪವಾದುದಲ್ಲ. ಸಂಸ್ಕೃತಶಬ್ದವೇ ಸಾಧು, ಅದಕ್ಕೇ ಅರ್ಥವನ್ನು ತಿಳಿಸುವ ಶಕ್ತಿಯುಂಟು, ದೇಶಭಾಷೆಯ ಶಬ್ದಗಳೆಲ್ಲ ಅಪಭ್ರಂಶಗಳು, ಅವು ಸಾಧುಶಬ್ದದ ಸ್ಮರಣೆಯ ಮೂಲಕವಾಗಿಯೋ ಶಕ್ತಿಭ್ರಮದಿಂದಲೋ ಅರ್ಥವನ್ನು ತಿಳಿಸುತ್ತವೆ ಎಂಬ ವಾದವು ಮೀಮಾಂಸಕರಲ್ಲಿಯೂ ನೈಯಾಯಿಕರಲ್ಲಿಯೂ ಬೇರೂರಿದ್ದಿತು. ಈ ಮತದಲ್ಲಿ ‘ಮರ’ ಎಂದಾಗ ಕನ್ನಡಿಗನಿಗೆ ನೇರವಾಗಿ ಅರ್ಥಬೋಧವಾಗುವುದೆಂದು ಹೇಳುವಂತಿಲ್ಲ. ‘ವೃಕ್ಷ’ವೆಂಬ ಸಾಧುಶಬ್ದವನ್ನು ಎಲ್ಲಿಂದಲೋ ನಡುವೆ ತರಬೇಕಾಗುತ್ತದೆ. ಸಂಸ್ಕೃತವನ್ನೇ ಅರಿಯದ ಒಕ್ಕಲಿಗನಿಗೆ ‘ವೃಕ್ಷ’ದ ಸ್ಮರಣೆ ಹೇಗಾದೀತೆಂಬ ಪ್ರಶ್ನೆಗೆ ಆ ಪಕ್ಷದವರು ಬಹು ಕ್ಲೇಶದಿಂದ ಉತ್ತರವನ್ನು ಹೇಳಬೇಕಾಯಿತು.

ಭಟ್ಟಾಕಳಂಕನ ಕಾಲಕ್ಕೆ ಈ ಚರ್ಚೆಯು ಮತ್ತೆ ಕಾವೇರಿದ್ದಿತೆಂಬುದು ಗಮನಾರ್ಹ. ಹದಿನಾರನೆಯ ಶತಮಾನದ ಕೊನೆಯಲ್ಲಿಯೂ ಹದಿನೇಳನೆಯ ಶತಮಾನದ ಆದಿಯಲ್ಲಿಯೂ ಕಾಶಿಯಲ್ಲಿದ್ದ ಭಟ್ಟೋಜಿದೀಕ್ಷಿತನೂ, ಅವನ ಅನಂತರ ‘ವೈಯಾಕರಣಭೂಷಣ’ವನ್ನು ಬರೆದ ಕೌಂಡಭಟ್ಟನೂ, ವೈಯಾಕರಣರ ಪಕ್ಷದಿಂದ, ಅಸಾಧುಶಬ್ದಕ್ಕೂ ಅರ್ಥಶಕ್ತಿಯುಂಟೆಂದು ಸಾಧಿಸಿದರು, ಸಾಧುವಿಗೂ ಅಸಾಧುವಿಗೂ ಭೇದವು ಪುಣ್ಯಪಾಪಗಳಲ್ಲಿಯೇ ಹೊರತು ಅರ್ಥಬೋಧನೆಯಲ್ಲಿ ಅಲ್ಲವೆಂದರು. ಈ ಭಟ್ಟೋಜಿದೀಕ್ಷಿತನೇ ಕೆಳದಿಯ ವೆಂಕಟಪ್ಪನಾಯಕನ ಆಜ್ಞೆಯಿಂದ ‘ತತ್ತ್ವಕೌಸ್ತುಭ’ವನ್ನು ರಚಿಸಿದವನು. ಆದುದರಿಂದ ಕಾಶಿಯ ಶಾಸ್ತ್ರವಿಚಾರಗಳು ಮಲೆನಾಡಿಗೆ ದೂರವಾಗಿದ್ದುವೆಂದು ಎಣಿಸಲಾಗದು. ದೀಕ್ಷಿತನಿಗೂ ನಮ್ಮ ಗ್ರಂಥಕಾರನಿಗೂ ಸಂಬಂಧವಿದ್ದಿತೆಂದು ನಾನು ಹೇಳುತ್ತಿಲ್ಲ. ಒಂದೇ ಪ್ರಶ್ನೆಯು ಒಂದೇ ಕಾಲದಲ್ಲಿ ಇಬ್ಬರನ್ನೂ ಎದುರಿಸಿತೆಂಬುದಷ್ಟೇ ವಿವಕ್ಷಿತ.

ಭಟ್ಟಾಕಳಂಕನ ಬೆನ್ನಿಗೆ ಮತ್ತೊಂದು ಪರಂಪರೆಯೂ ಇದ್ದಿತು. ಹನ್ನೊಂದನೆಯ ಶತಮಾನದ ಜೈನತಾರ್ಕಿಕನಾದ ಪ್ರಭಾಚಂದ್ರನು ‘ನ್ಯಾಯಕುಮುದಚಂದ್ರ’ದಲ್ಲಿ, ಸಂಸ್ಕೃತವೊಂದೇ ಸಾಧುವೆಂಬ ವಾದವನ್ನು ವಿಸ್ತಾರವಾಗಿ ಖಂಡಿಸಿದ್ದನು. ಆಗಮಗಳೇ ಪ್ರಾಕೃತದಲ್ಲಿರುವ ಜೈನರಿಗೆ ಈ ಖಂಡನವು ಬರಿಯ ಬುದ್ಧಿಚಾತುರ್ಯವಲ್ಲ, ಮತರಕ್ಷಣೆ. ಆದರೆ ಪ್ರಭಾಚಂದ್ರನು ತರ್ಕದಿಂದ ಸಾಧಿಸಿದುದನ್ನು ಭಟ್ಟಾಕಳಂಕನು ಪ್ರಯೋಗದಿಂದ ತೋರಿಸಿದನು. ದೇಶಭಾಷೆಗೆ ನಿಯಮವಿದೆಯೆಂದು ವಾದಿಸುತ್ತ ಕುಳಿತಿರದೆ, ಆ ನಿಯಮಗಳನ್ನು ಪಾಣಿನೀಯರೂ ಒಪ್ಪತಕ್ಕ ಪರಿಭಾಷೆಯಲ್ಲಿ ೫೯೨ ಸೂತ್ರಗಳಾಗಿ ಎಣಿಸಿ ಅವರ ಮುಂದಿಟ್ಟನು. ನ್ಯಾಯಸ್ಥಾನದಲ್ಲಿ ನಡೆಯುವ ಭಾಷೆಯಲ್ಲಿಯೇ ಮನವಿಯನ್ನು ಬರೆಯಬೇಕಷ್ಟೆ? ಅವನು ಸಂಸ್ಕೃತವನ್ನು ಆರಿಸಿಕೊಂಡುದು ಕನ್ನಡದ ಮೇಲಣ ಅನಾದರದಿಂದಲ್ಲ, ಅನಾದರವುಳ್ಳವರಿಗೆ ಕೇಳಿಸಲೆಂದು.

೩

ಪ್ರಾಕೃತವ್ಯಾಕರಣಗಳೂ ಸಂಸ್ಕೃತಸೂತ್ರಗಳಲ್ಲಿಯೇ ಇವೆಯಲ್ಲ, ಭಟ್ಟಾಕಳಂಕನು ಆ ದಾರಿಯನ್ನೇ ಹಿಡಿದನೆಂದರೆ ಸಾಲದೇ ಎಂದು ಕೇಳಬಹುದು. ಸಾಲದು. ವರರುಚಿಯ ‘ಪ್ರಾಕೃತಪ್ರಕಾಶ’ದಲ್ಲಾಗಲಿ ಹೇಮಚಂದ್ರನ ಎಂಟನೆಯ ಅಧ್ಯಾಯದಲ್ಲಾಗಲಿ ಸಂಸ್ಕೃತಕ್ಕೆ ಎರಡು ಅಧಿಕಾರಗಳಿವೆ: ಅದು ವಿವರಿಸುವ ಭಾಷೆಯೂ ಹೌದು, ವಿವರಿಸಲ್ಪಡುವ ರೂಪಗಳಿಗೆ ಪ್ರಕೃತಿಯೂ ಹೌದು. ಸಂಸ್ಕೃತದ ಇಂತಹ ವರ್ಣಕ್ಕೆ ಪ್ರಾಕೃತದಲ್ಲಿ ಇಂತಹ ವರ್ಣವು ಆದೇಶವಾಗುವುದೆಂದು ಹೇಳುತ್ತ ಹೋದರೆ ಬಹುಭಾಗವು ಮುಗಿಯುವುದು; ಉಳಿದ ದೇಶ್ಯಶಬ್ದಗಳು ಹೊರಗೆ ನಿಲ್ಲುವುವು. ಕನ್ನಡದಲ್ಲಿ ಆ ಉಪಾಯವು ತದ್ಭವಗಳಿಗೆ ಮಾತ್ರ ಸಲ್ಲುವುದು. ಧಾತುಗಳು, ವಿಭಕ್ತಿಗಳು, ಕ್ರಿಯಾಪ್ರತ್ಯಯಗಳು, ಸರ್ವನಾಮಗಳು ಎಲ್ಲವೂ ದೇಶ್ಯ. ಪ್ರಾಕೃತದಲ್ಲಿ ಹೊರಗೆ ನಿಂತ ದೇಶ್ಯವು ಇಲ್ಲಿ ಮನೆಯ ಯಜಮಾನ. ಆದುದರಿಂದ ಶಬ್ದಾನುಶಾಸನದಲ್ಲಿ ಸಂಸ್ಕೃತವು ವಿವರಿಸುವ ಭಾಷೆಯಾಗಿ ಮಾತ್ರ ನಿಂತಿದೆ, ತಾಯಿಯಾಗಿ ನಿಂತಿಲ್ಲ. ಸಂಸ್ಕೃತವೇ ಮೂಲವೆಂದು ನಂಬಿದ ಪಂಡಿತನು ಈ ಸೂತ್ರಗಳನ್ನು ಓದುತ್ತ ಹೋದಂತೆ, ತನ್ನ ಭಾಷೆಯಲ್ಲಿಯೇ ತನ್ನ ನಂಬಿಕೆಗೆ ಬಾಧಕವಾದ ಸಾಕ್ಷ್ಯವನ್ನು ಓದಿಕೊಳ್ಳಬೇಕಾಗುತ್ತದೆ. ಗ್ರಂಥದ ಹಿರಿಮೆಯು ನನ್ನ ಮಟ್ಟಿಗೆ ಇಲ್ಲಿದೆ.

ಒಂದೆರಡು ನಿದರ್ಶನಗಳಿಂದ ಈ ಮಾತನ್ನು ಸ್ಪಷ್ಟಪಡಿಸಬಹುದು. ಸಂಸ್ಕೃತದಲ್ಲಿ ಹೆಂಡತಿಯೆಂಬ ಒಂದೇ ಅರ್ಥದಲ್ಲಿ ‘ದಾರ’ವು ಪುಲ್ಲಿಂಗ, ‘ಕಲತ್ರ’ವು ನಪುಂಸಕಲಿಂಗ, ‘ಭಾರ್ಯೆ’ಯು ಸ್ತ್ರೀಲಿಂಗ, ಲಿಂಗವು ಶಬ್ದವನ್ನು ಹಿಡಿದುದು. ಕನ್ನಡದಲ್ಲಿ ಅದು ಅರ್ಥವನ್ನು ಹಿಡಿದುದು. ಇನ್ನು ಕ್ರಿಯಾಪದವನ್ನು ನೋಡಿ. ‘ಮಾಡಿದೆಂ’, ‘ಮಾಡುವೆಂ’ ಎಂಬಲ್ಲಿ ಕಾಲಸೂಚಕವಿದೆ. ಅದಿಲ್ಲದೆ ಧಾತುವಿಗೆ ಪುರುಷಪ್ರತ್ಯಯವು ನೇರವಾಗಿ ಹತ್ತಿದರೆ ‘ಮಾಡೆಂ’ ಎಂದಾಗಿ ನಿಷೇಧಾರ್ಥವು ಬರುತ್ತದೆ. ಸಂಸ್ಕೃತದಲ್ಲಿ ಇದಕ್ಕೆ ‘ನ’ ಎಂಬ ಬೇರೊಂದು ಪದವು ಬೇಕು. ಇಂತಹ ರೂಪವನ್ನು ಯಾವ ಆದೇಶದಿಂದಲೂ ಸಂಸ್ಕೃತದಿಂದ ಹುಟ್ಟಿಸಲಾಗದು. ಗಮಕಸಮಾಸ, ಸತಿಸಪ್ತಮಿ, ಱೞಗಳ ವಿಚಾರ ಮೊದಲಾದುವು ಕನ್ನಡದ ವಿಶೇಷಗಳೆಂದು ಕೇಶಿರಾಜನು ಹೆಮ್ಮೆಯಿಂದ ಎಣಿಸಿದ್ದಾನೆ. ಅವನು ಹೆಮ್ಮೆಪಟ್ಟುದನ್ನು ಭಟ್ಟಾಕಳಂಕನು ಪ್ರಮಾಣಪೂರ್ವಕವಾಗಿ ದಾಖಲೆಗೆ ಸೇರಿಸಿದನೆಂದರೆ ತಪ್ಪಾಗದು.

ಆದರೂ ಎರವಲು ತಂದ ಅಳತೆಗೋಲು ಎಲ್ಲ ಕಡೆಯೂ ಹೊಂದಿಕೊಳ್ಳಲಿಲ್ಲವೆಂಬುದನ್ನು ಒಪ್ಪತಕ್ಕುದೇ ಸರಿ. ಸಂಸ್ಕೃತದಲ್ಲಿ ವಿಭಕ್ತಿಗಳು ಏಳೆಂದು ಕನ್ನಡದಲ್ಲಿಯೂ ಏಳನ್ನು ತುಂಬಿಸುವ ಪದ್ಧತಿಯು ನಮ್ಮಲ್ಲಿ ಬೆಳೆಯಿತು. ಪಂಚಮಿಗೆ ‘ಅತ್ತಣಿಂ’ ಎಂಬುದನ್ನು ಹೇಳುವುದುಂಟು. ಅದನ್ನು ಬಿಡಿಸಿದರೆ ‘ಅತ್ತಣ’ ಎಂಬ ಪದದ ಮೇಲೆ ತೃತೀಯೆಯ ‘ಇಂ’ ಪ್ರತ್ಯಯವೇ ಕಾಣುವುದು. ಈ ದೋಷವು ಭಟ್ಟಾಕಳಂಕನೊಬ್ಬನದಲ್ಲ. ಕನ್ನಡದಲ್ಲಿಯೇ ಬರೆದ ಕೇಶಿರಾಜನೂ ಏಳರ ಲೆಕ್ಕವನ್ನು ಬಿಡಲಿಲ್ಲ. ಬರೆಯುವ ಭಾಷೆಯು ಕನ್ನಡವಾದ ಮಾತ್ರಕ್ಕೆ ಚೌಕಟ್ಟು ಕನ್ನಡದ್ದಾಗುವುದಿಲ್ಲವೆಂಬುದನ್ನು, ಮೇಲೆ ಹೇಳಿದ ಅಧ್ಯಾಪಕಮಿತ್ರರಂತಹವರು ಇದರಿಂದ ತಿಳಿದುಕೊಳ್ಳಬಹುದಾಗಿದೆ.

೪

ದೇಶಭಾಷೆಗೆ ಶಾಸ್ತ್ರವೇಕೆಂಬ ಆಕ್ಷೇಪಕ್ಕೆ ಭಟ್ಟಾಕಳಂಕನು ಕೊಡುವ ಉತ್ತರವು ಇತಿಹಾಸಜ್ಞರಿಗೆ ಚಿರಪರಿಚಿತ. ಈ ಭಾಷೆಯು ಶಾಸ್ತ್ರಕ್ಕೆ ಉಪಯೋಗವಿಲ್ಲದುದಲ್ಲ. ಏಕೆಂದರೆ ತತ್ತ್ವಾರ್ಥಮಹಾಶಾಸ್ತ್ರಕ್ಕೆ ೯೬,೦೦೦ ಗ್ರಂಥಪರಿಮಿತಿಯುಳ್ಳ ‘ಚೂಡಾಮಣಿ’ ಎಂಬ ವ್ಯಾಖ್ಯಾನವೂ, ಶಬ್ದಾಗಮ ಯುಕ್ತ್ಯಾಗಮ ಪರಮಾಗಮಗಳನ್ನು ಕುರಿತ ಗ್ರಂಥಗಳೂ, ಕಾವ್ಯ ನಾಟಕ ಕಲಾಶಾಸ್ತ್ರಗಳ ಗ್ರಂಥಗಳೂ ಈ ಭಾಷೆಯಲ್ಲಿ ದೊರೆಯುತ್ತಿವೆ ಎಂಬುದು ಅದರ ತಾತ್ಪರ್ಯ.

ಈ ವಾಕ್ಯವನ್ನು ನಮ್ಮವರು ಅನೇಕಾವರ್ತಿ ಉದಾಹರಿಸಿದ್ದಾರೆ. ಸಾಕ್ಷ್ಯವಾಗಿ ತೂಗಿ ನೋಡಿದವರು ಕೆಲವರೇ. ‘ಗ್ರಂಥ’ವೆಂದರೆ ಇಲ್ಲಿ ಮೂವತ್ತೆರಡು ಅಕ್ಷರಗಳ ಅಳತೆ, ೯೬,೦೦೦ ಗ್ರಂಥಗಳೆಂದರೆ ಮಹಾಭಾರತಕ್ಕೆ ಹೇಳುವ ಲಕ್ಷಸಂಖ್ಯೆಗೆ ಸ್ವಲ್ಪವೇ ಕಡಮೆ. ಆದರೆ ‘ಚೂಡಾಮಣಿ’ಯು ನಮಗೆ ದೊರೆತಿಲ್ಲ. ಇಂದ್ರನಂದಿಯ ‘ಶ್ರುತಾವತಾರ’ದಲ್ಲಿ ತುಂಬುಳೂರಾಚಾರ್ಯನು ಕನ್ನಡದಲ್ಲಿ ೮೪,೦೦೦ ಪರಿಮಿತಿಯ ‘ಚೂಡಾಮಣಿ’ಯನ್ನು ರಚಿಸಿದನೆಂದಿದೆ, ಸಂಖ್ಯೆಯೂ ಬೇರೆ, ಅಲ್ಲಿ ಹೇಳಿದ ಮೂಲಗ್ರಂಥವೂ ಬೇರೆ. ಶ್ರವಣಬೆಳಗೊಳದ ೧೧೨೯ರ ಶಾಸನದಲ್ಲಿ ಸ್ತುತನಾಗಿರುವ ಶ್ರೀವರ್ಧದೇವನ ‘ಚೂಡಾಮಣಿ’ಯಾದರೋ ಕಾವ್ಯ. ಇವೆಲ್ಲವನ್ನೂ ಒಂದೇ ಎಂದು ಹೆಣೆದು ಕನ್ನಡದ ಪ್ರಾಚೀನತೆಯನ್ನು ಸಾಧಿಸುವುದು ಅಭಿಮಾನಕ್ಕೆ ಹಿತವಾದರೂ ವಿಮರ್ಶೆಗೆ ಒಪ್ಪುವುದಲ್ಲ.

‘ನಾಟಕ’ವೆಂಬ ಮಾತಿನ ವಿಷಯದಲ್ಲಿಯೂ ಎಚ್ಚರ ಬೇಕು. ನಮಗೆ ಉಳಿದುಬಂದಿರುವ ಕನ್ನಡ ನಾಟಕಗಳಲ್ಲಿ ಮೊದಲನೆಯದು ಚಿಕ್ಕದೇವರಾಜ ಒಡೆಯರ (೧೬೭೩–೧೭೦೪) ಆಸ್ಥಾನದ ಸಿಂಗರಾರ್ಯನು, ಹರ್ಷನ ‘ರತ್ನಾವಳಿ’ಯನ್ನು ಅನುಸರಿಸಿ ಬರೆದ ‘ಮಿತ್ರವಿಂದಾಗೋವಿಂದ’. ಅದು ಭಟ್ಟಾಕಳಂಕನಿಗೆ ಮುಕ್ಕಾಲು ಶತಮಾನದಷ್ಟು ಈಚಿನದು. ೧೬೦೪ರಲ್ಲಿ ಕನ್ನಡನಾಟಕಗಳು ದೊರೆಯುತ್ತಿದ್ದು ಅನಂತರ ನಷ್ಟವಾದುವೊ? ಅಥವಾ ‘ಕಾವ್ಯನಾಟಕ’ವೆಂಬುದು ಪಂಡಿತರ ಬಾಯಲ್ಲಿ ಒಟ್ಟಾಗಿಯೇ ಬರುವ ಜೋಡಿಮಾತಾದುದರಿಂದ ಇಲ್ಲಿಯೂ ಬಂದಿತೊ? ನನಗೆ ಎರಡನೆಯದೇ ಹೆಚ್ಚು ಸಂಭವನೀಯವೆಂದು ತೋರುತ್ತದೆ. ವಾದದ ಭರದಲ್ಲಿ ಹೇಳಿದ ಪಟ್ಟಿಯನ್ನು ಗ್ರಂಥಾಲಯದ ಸೂಚಿಯಂತೆ ಓದಬಾರದು.

ಹಾಗಾದರೆ ಅವನ ಉತ್ತರವು ಸಡಿಲವಾಯಿತೆ? ಇಲ್ಲ. ‘ಚೂಡಾಮಣಿ’ಯನ್ನು ಬದಿಗಿಟ್ಟರೂ ಅವನ ಪಕ್ಷವು ಗೆಲ್ಲುವುದು. ಶ್ರೀಧರಾಚಾರ್ಯನ ‘ಜಾತಕತಿಲಕ’ (೧೦೪೯), ರಾಜಾದಿತ್ಯನ ‘ವ್ಯವಹಾರಗಣಿತ’, ಕೀರ್ತಿವರ್ಮನ ‘ಗೋವೈದ್ಯ’, ವಿಷವೈದ್ಯವನ್ನು ಹೇಳುವ ಮಂಗರಾಜನ ‘ಖಗೇಂದ್ರಮಣಿದರ್ಪಣ’ ಇವು ಇಂದಿಗೂ ನಮ್ಮ ಕೈಯಲ್ಲಿವೆ. ಜ್ಯೋತಿಷ, ಗಣಿತ, ವೈದ್ಯಗಳನ್ನು ಹೇಳಬಲ್ಲ ಭಾಷೆಯು ಶಾಸ್ತ್ರಕ್ಕೆ ಅನರ್ಹವೆಂಬ ಮಾತು ನಿಲ್ಲುವುದೆಂತು?

೫

ಇನ್ನು ಈ ಗೆಲುವಿಗೆ ತೆತ್ತ ಬೆಲೆಯನ್ನು ಕುರಿತು ಹೇಳಬೇಕಾಗಿದೆ.

ಹಳೆಯ ಗ್ರಂಥಗಳನ್ನು ಸಾಕ್ಷಿಗೆ ಕರೆದವನು ಹಳೆಯ ಭಾಷೆಯನ್ನೇ ಲಕ್ಷ್ಯವನ್ನಾಗಿ ಹಿಡಿಯಬೇಕಾಯಿತು. ಭಟ್ಟಾಕಳಂಕನ ಉದಾಹರಣೆಗಳಿಗೆ ಆಧಾರವಾದುದು ಮುಖ್ಯವಾಗಿ ಚಂಪೂಕವಿಗಳ ಹಳಗನ್ನಡ. ಆದರೆ ೧೬೦೪ರ ಹೊತ್ತಿಗೆ ಕನ್ನಡದ ಸ್ಥಿತಿಯೇನು? ಪದಾದಿಯ ಪಕಾರವು ಬಹುಮಟ್ಟಿಗೆ ಹಕಾರವಾಗಿದ್ದಿತು. ೞಕಾರವು ನಾಲಗೆಯಿಂದ ಜಾರಿ ಬಹುಕಾಲವಾಗಿದ್ದಿತು. ಕೇಶಿರಾಜನೇ ೞಕಾರವುಳ್ಳ ಶಬ್ದಗಳನ್ನು ಪಟ್ಟಿಮಾಡಿಕೊಡಬೇಕಾಯಿತೆಂದರೆ ಹದಿಮೂರನೆಯ ಶತಮಾನದಲ್ಲಿಯೇ ಸಂದೇಹವು ಹುಟ್ಟಿದ್ದಿತೆಂದು ತಿಳಿಯಬೇಕು. ಕುಮಾರವ್ಯಾಸನ ಷಟ್ಪದಿಯು ನಾಡೆಲ್ಲ ಹಬ್ಬಿದ್ದಿತು. ಪುರಂದರದಾಸರ ಕೀರ್ತನೆಗಳು ಜನರ ಬಾಯಲ್ಲಿದ್ದುವು. ಭಟ್ಟಾಕಳಂಕನ ಸಮಾನಮತದವನೇ ಆದ ರತ್ನಾಕರವರ್ಣಿಯು ‘ಭರತೇಶವೈಭವ’ವನ್ನು (೧೫೫೭) ಸಾಂಗತ್ಯದಲ್ಲಿ, ಕೇಳಿದೊಡನೆ ತಿಳಿಯುವ ಕನ್ನಡದಲ್ಲಿ, ರಚಿಸಿ ಅರ್ಧಶತಮಾನವೂ ಕಳೆದಿರಲಿಲ್ಲ. ಈ ಜೀವಂತವಾದ ಭಾಷೆಗೆ ಶಬ್ದಾನುಶಾಸನದಲ್ಲಿ ತಕ್ಕ ಸ್ಥಾನವು ದೊರೆಯಲಿಲ್ಲ. ಕನ್ನಡಕ್ಕೆ ನಿಯಮವಿದೆಯೆಂದು ತೋರಿಸಲು, ನಿಯಮವು ಈಗಾಗಲೇ ನೆಲೆನಿಂತಿದ್ದ ಪ್ರಾಚೀನರೂಪವನ್ನೇ ತೋರಿಸುವುದು ಸುಲಭವೂ ಸುರಕ್ಷಿತವೂ ಆಗಿದ್ದಿತು. ರತ್ನಾಕರನ ಕನ್ನಡಕ್ಕೂ ನಿಯಮವುಂಟೆಂದು ಆ ಸಭೆಯಲ್ಲಿ ಹೇಳಿದ್ದರೆ ಪ್ರತಿವಾದಿಯು ಒಪ್ಪುತ್ತಿದ್ದನೆ?

ಇದೇ ಪಶ್ಚಿಮಕರಾವಳಿಯಲ್ಲಿ ಅದೇ ಕಾಲದಲ್ಲಿ ತಾಮಸ್ ಸ್ಟೀವನ್ಸ್ ಎಂಬ ಪಾದ್ರಿಯು ಕೊಂಕಣಿಗೆ ಪೋರ್ಚುಗೀಸಿನಲ್ಲಿ ವ್ಯಾಕರಣವನ್ನು ಬರೆದನು. ಅದು ೧೬೪೦ರಲ್ಲಿ ಗೋವೆಯ ರಾಚೋಲಿನಲ್ಲಿ ಅಚ್ಚಾಯಿತು. ಅದೂ ಪರಭಾಷೆಯಲ್ಲಿ ಬರೆದ ದೇಶಭಾಷಾವ್ಯಾಕರಣವೇ. ಆದರೆ ಜನರೊಡನೆ ಮಾತನಾಡಬೇಕಾಗಿದ್ದ ಪಾದ್ರಿಗೆ ಆಡುನುಡಿಯು ಬೇಕಾಯಿತು. ಪಂಡಿತರೊಡನೆ ವಾದಿಸಬೇಕಾಗಿದ್ದ ಭಟ್ಟಾಕಳಂಕನಿಗೆ ಗ್ರಂಥಸ್ಥವಾದ ನುಡಿಯು ಬೇಕಾಯಿತು. ಯಾರ ಮುಂದೆ ಮಾತನಾಡುತ್ತೇವೆಂಬುದರಿಂದ ಯಾವ ಭಾಷೆಯನ್ನು ಕಾಣುತ್ತೇವೆಂಬುದೂ ನಿರ್ಣಯವಾಗುವುದು.

ಈ ವಿಚಾರವು ಹಳೆಯ ಕಾಲಕ್ಕೆ ಮಾತ್ರ ಸಂಬಂಧಪಟ್ಟುದೆಂದು ವಾಚಕರು ಎಣಿಸಬಾರದು. ೨೦೦೮ರಲ್ಲಿ ಕನ್ನಡಕ್ಕೆ ಶಾಸ್ತ್ರೀಯಭಾಷೆಯ ಸ್ಥಾನವು ದೊರೆತಾಗ ನಾವು ಮುಂದಿಟ್ಟ ಪ್ರಮಾಣಗಳೂ ಭಟ್ಟಾಕಳಂಕನ ಜಾತಿಯವೇ: ಪ್ರಾಚೀನಗ್ರಂಥಗಳು, ಶಾಸನಗಳು, ಪರಂಪರೆ. ಆ ವಾದವು ನ್ಯಾಯವಾದುದು, ಅಗತ್ಯವಾದುದು. ಆದರೆ ಪರರ ಸಭೆಯಲ್ಲಿ ಮಂಡಿಸಿದ ವಾದವನ್ನೇ ಮನೆಯ ಮಕ್ಕಳಿಗೆ ಪಾಠವಾಗಿ ಹೇಳಲಾಗದು. ಭಟ್ಟಾಕಳಂಕನು ಕನ್ನಡದ ಸಮರ್ಥನಾದ ವಕೀಲ. ಕನ್ನಡದ ಉಪಾಧ್ಯಾಯನು ಕೇಶಿರಾಜನೇ. ಒಬ್ಬನಿಂದ ಮತ್ತೊಬ್ಬನ ಕೆಲಸವನ್ನು ನಿರೀಕ್ಷಿಸಿದುದರಿಂದಲೇ ಶಬ್ದಾನುಶಾಸನವು ಇಬ್ಬರು ಒಡೆಯರಿಗೂ ಬೇಡವಾಯಿತು.

ಆದುದರಿಂದ ನನ್ನ ಸೂಚನೆಗಳು ಎರಡು. ಸಂಸ್ಕೃತಪಾಠಶಾಲೆಗಳಲ್ಲಿ ವ್ಯಾಕರಣವನ್ನು ಓದುವ ಕನ್ನಡ ವಿದ್ಯಾರ್ಥಿಗಳಿಗೆ, ಅಪಭ್ರಂಶಶಕ್ತಿವಾದವನ್ನು ಹೇಳಿಕೊಡುವಾಗ ಈ ಗ್ರಂಥದ ಆರಂಭಭಾಗವನ್ನು ಜೊತೆಗೆ ಓದಿಸಬೇಕು. ತಮ್ಮ ನಾಡಿನವನೊಬ್ಬನು ಆ ವಾದಕ್ಕೆ ಏನು ಉತ್ತರ ಕೊಟ್ಟನೆಂಬುದು ಅವರಿಗೆ ತಿಳಿಯಲಿ. ಕನ್ನಡದ ಉನ್ನತ ತರಗತಿಗಳಲ್ಲಿ, ಸೂತ್ರಗಳೆಲ್ಲವನ್ನೂ ಅಲ್ಲದಿದ್ದರೂ, ಲಿಂಗ, ಸಮಾಸ, ಕ್ರಿಯಾಪದಗಳ ಭಾಗವನ್ನು ಶಬ್ದಮಣಿದರ್ಪಣದೊಡನೆ ಹೋಲಿಸಿ ಪಾಠ ಹೇಳಬೇಕು. ಇದಕ್ಕೆ ವೃತ್ತಿಯೊಡನೆ ಕನ್ನಡಾನುವಾದವುಳ್ಳ ವಿದ್ಯಾರ್ಥಿಯೋಗ್ಯವಾದ ಆವೃತ್ತಿಯು ಅವಶ್ಯಕ. ಎರಡು ಭಾಷೆಗಳನ್ನೂ ಬಲ್ಲ ವಿದ್ವಾಂಸರು ಕಡಮೆಯಾಗುತ್ತಿರುವ ಈ ದಿನಗಳಲ್ಲಿ ಈ ಕಾರ್ಯವನ್ನು ಮುಂದಕ್ಕೆ ಹಾಕುವುದು ಉಚಿತವಲ್ಲ.

ನನ್ನ ಗುರುಗಳು ಈಗಿಲ್ಲ. ಇದ್ದಿದ್ದರೆ, ದೇಶಭಾಷೆಗೆ ಅಷ್ಟು ದೊಡ್ಡ ಶಾಸ್ತ್ರವೇಕೆಂಬ ಅವರ ಪ್ರಶ್ನೆಗೆ ನಾನು ನನ್ನ ಮಾತಿನಿಂದ ಉತ್ತರ ಹೇಳುತ್ತಿರಲಿಲ್ಲ. ಮಂಜರೀಮಕರಂದದ ಮೊದಲ ಪುಟಗಳನ್ನು ಅವರ ಮುಂದೆ ತೆರೆದಿಡುತ್ತಿದ್ದೆನು. ಅವರು ಓದುತ್ತಿದ್ದ ಭಾಷೆಯಲ್ಲಿಯೇ ಅದು ಬರೆಯಲ್ಪಟ್ಟಿದೆ.